ಊರಿಗೆ ಹೋಗುವ ಹಳ್ಳ

ಗುಡ್ಡ ಹತ್ತುತ್ತಿದ್ದ ಅವ್ವ ದಾರಿ ನಡುವೆ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲ ನೋವನ್ನೂ ಮರೆತು ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಪುಣೆಯ ಧನಕವಡಿಗೆ ಆತುಕೊಂಡ ತಳಜಾಯಿ ಗುಡ್ಡ ಅದು. ಬೆಳಗಾದರೆ ಕಾಲುದಾರಿಯ ತುಂಬ ನಡೆಯುವವರು. ನಾನು ಗಾಬರಿಯಾಗಿ ಬಗ್ಗಿ ಏನಾಯಿತೆಂದು ಕೇಳಿದರೆ ಬೆರಳು ತೋರಿಸಿದಳು. ಹಿಂದಿನ ಸಂಜೆಯ ಮಳೆಗೆ ಇನ್ನೂ ಹಸಿಯಾಗಿದ್ದ ಮಣ್ಣಿನ ಮೇಲೆ, ತರಗೆಲೆಯೊಂದರ ಅಂಚಿನಲ್ಲಿ, ಅರ್ಧ ಶೇಂಗಾ ಬೀಜದಷ್ಟು ದೊಡ್ಡ ಕೆಂಪು ಜೀವವೊಂದು ಹರಿದಾಡುತ್ತಿತ್ತು. ಮೈತುಂಬ ಮಖಮಲ್ಲು.

“ಮಿರಗದ ಹುಳ,” ಎಂದಳು ಅವ್ವ. “ಇಲ್ಲೀನೂ ಬರ್ತಾವೇನು?”

ನಮ್ಮ ಹಿಂದೆ ಬಂದು ನಿಂತಿದ್ದ ಬಿಳಿ ಟೋಪಿಯ ಹಿರಿಯರೊಬ್ಬರು ಬಗ್ಗಿ ನೋಡಿ, “ಮಿರಗಾಚಾ ಕಿಡಾ,” ಎಂದರು. ಅವರಿಗೆ ಕನ್ನಡ ಬಾರದು. ಅವ್ವನ ಮರಾಠಿ ಪಂಢರಪುರಕ್ಕೆ ಹೋಗಿಬರಲು ಸಾಕಾಗುವಷ್ಟು. ಆದರೆ ಅದೊಂದು ಮಾತಿಗೆ ಇಬ್ಬರೂ ಮುಖ ಎತ್ತಿ ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವ್ವ ಬೆರಳು ಮುಂದಿಟ್ಟಳು. ಹುಳ ತಾಗಿದ ಕೂಡಲೇ ಕಾಲೆಲ್ಲ ಒಳಗೆಳೆದುಕೊಂಡು ಗುಂಡಗಾಯಿತು. ಅದು ಮತ್ತೆ ಕಾಲು ಬಿಚ್ಚುವ ತನಕ ಅವಳೂ ಏಳಲಿಲ್ಲ, ಆ ಹಿರಿಯರೂ ಮುಂದೆ ಹೋಗಲಿಲ್ಲ.

ಹುಳ ಎಂದು ನಾವು ಕರೆದರೂ ಅದು ಎಂಟು ಕಾಲಿನ ಜೀವ, ಜೇಡನ ಬಳಗಕ್ಕೆ ಸೇರಿದ್ದು. ವರ್ಷದ ಬಹುಪಾಲು ಮಣ್ಣೊಳಗೇ ಇದ್ದು, ಮೊದಲ ಮಳೆ ಬಿದ್ದಾಗ ಮೇಲೆ ಬರುತ್ತದೆ. ಜೊತೆ ಹುಡುಕುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ನೆಲದೊಳಕ್ಕೆ ಇಳಿಯುತ್ತದೆ. ಮೃಗಶಿರಾ ಮಳೆಯ ಹೊತ್ತಿಗೆ ಕಾಣಿಸುವುದರಿಂದ ಅದಕ್ಕೆ ಎರಡೂ ಭಾಷೆಯಲ್ಲಿ ಒಂದೇ ಹೆಸರು. ನಾನು ಹದಿನಾಲ್ಕು ವರ್ಷ ಇದೇ ಗುಡ್ಡದ ಬುಡದಲ್ಲಿ ಬಾಳಿ ಒಮ್ಮೆಯೂ ಅದನ್ನು ನೋಡಿರಲಿಲ್ಲ. ಅವ್ವ ಬಂದು ಎಂಟು ತಿಂಗಳಾಗಿತ್ತು, ಅಷ್ಟೇ. ಆ ಎಂಟು ತಿಂಗಳಲ್ಲಿ ಅವಳು ಮನಸಾರೆ ನಕ್ಕಿದ್ದನ್ನು ಕಂಡದ್ದು ನನಗೆ ಅದೇ ಮೊದಲು.

ನಮ್ಮದು ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಊರು. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು ಅವ್ವನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಮೂರನೆಯ ಮಹಡಿಯ ಮನೆ. ಕಿಟಕಿ ತೆಗೆದರೆ ಎದುರು ಕಟ್ಟಡದ ಕಿಟಕಿ. ಬರುವಾಗ ಅವಳು ತಂದದ್ದು ಒಂದು ಟ್ರಂಕು, ರೊಟ್ಟಿ ಬಡಿಯುವ ಕೊಣ್ಣಿಗೆ, ಗೋಡೆಯಿಂದ ಬಿಚ್ಚಿ ಸುತ್ತಿಕೊಂಡು ಬಂದಿದ್ದ ಶಾಬಾದಿಮಠದ ಕ್ಯಾಲೆಂಡರು. ಮೊದಲ ದಿನದಿಂದಲೇ ನನ್ನನ್ನು ಒಂದು ಪ್ರಶ್ನೆ ಕೇಳತೊಡಗಿದಳು: “ಇಲ್ಲಿ ಈಗ ಯಾವ ಮಳಿ?” ನಾನು ಹೊರಗೆ ನೋಡಿ, ಮಳೆ ಇಲ್ಲವ್ವ, ಬಿಸಿಲಿದೆ ಎನ್ನುತ್ತಿದ್ದೆ. ಅವಳು ಸುಮ್ಮನಾಗುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಆಕಾಶದಿಂದ ನೀರು ಬೀಳುತ್ತಿದೆಯೋ ಇಲ್ಲವೋ ಎಂದಾಗಿರಲಿಲ್ಲ. ನಾವೀಗ ವರ್ಷದ ಯಾವ ಜಾಗದಲ್ಲಿ ನಿಂತಿದ್ದೇವೆ ಎಂದು ಕೇಳುತ್ತಿದ್ದಳು. ಅದು ಅರ್ಥವಾಗಲು ನನಗೆ ತಿಂಗಳುಗಳೇ ಬೇಕಾದವು.

ಒಕ್ಕಲುತನದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನನ್ನ ಮಗಳ ವಯಸ್ಸಿನವರಿಗೆ ಹೇಳಲೇಬೇಕು. ಸೂರ್ಯ ವರ್ಷವೊಂದರಲ್ಲಿ ಇಪ್ಪತ್ತೇಳು ನಕ್ಷತ್ರಗಳನ್ನು ದಾಟುತ್ತಾನೆ. ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರಾ, 22ಕ್ಕೆ ಆರಿದ್ರಾ, ಹೀಗೆ ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂದು ದೀಪಾವಳಿ ದಾಟುವವರೆಗೆ ಮಳೆಗೆ ಹೆಸರುಂಟು. ಪ್ರತಿ ಹೆಸರಿಗೂ ಒಂದು ಗಾದೆ, ಒಂದು ಕೆಲಸ, ಒಂದು ಭಯ. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ. ಮಘಾ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಚಿತ್ತಿಗೆ ನಮ್ಮ ಕಡೆ ಕುರುಡಿ ಎನ್ನುತ್ತಾರೆ, ಒಂದು ಹೊಲಕ್ಕೆ ಹೊಡೆದು ಪಕ್ಕದ ಹೊಲವನ್ನು ಬಿಟ್ಟು ಹೋಗುತ್ತದೆಂದು. ತೊಗರಿ ಬಿತ್ತುವುದು ಮಿರಗ, ಆರಿದ್ರಾಕ್ಕೆ. ಹಿಂಗಾರಿ ಜೋಳ ಬಿತ್ತುವುದು ಉತ್ತರಿ, ಹಸ್ತಕ್ಕೆ, ಎರೆಮಣ್ಣು ಕುಡಿದಿಟ್ಟುಕೊಂಡ ನೀರನ್ನೇ ನಂಬಿ. ಹೆಸರಿಲ್ಲದ ಮಳೆ ಅವ್ವನ ಪಾಲಿಗೆ ಮಳೆಯೇ ಅಲ್ಲ. ಧನಕವಡಿಯಲ್ಲಿ ಎಲ್ಲರೂ ಅದಕ್ಕೆ ಬರೀ ‘ಪಾವೂಸ್’ ಎನ್ನುವುದನ್ನು ಕೇಳಿ, ಇದು ಲೆಕ್ಕವಿಲ್ಲದವರ ಊರು ಎಂದು ಅವಳಿಗೆ ಅನ್ನಿಸಿತ್ತು.

ಆ ಬಿಳಿ ಟೋಪಿಯ ಹಿರಿಯರೇ ಅದನ್ನು ಸುಳ್ಳು ಮಾಡಿದರು. ಅವರು ಮೂಲ ಧನಕವಡಿಯವರು, ಹಳೆಯ ಗಾವ್‌ಠಾಣದಲ್ಲಿ ಮನೆ. ಈಗ ಕಟ್ಟಡಗಳು ನಿಂತಿರುವಲ್ಲಿ ಅವರ ತಂದೆಯ ಸಜ್ಜೆಯ ಹೊಲವಿತ್ತಂತೆ. ಅವ್ವ ಅವರಿಗೆ ಕಾಕಾ ಎನ್ನುತ್ತಾಳೆ. ಆ ಮಾತೂ ಎರಡೂ ಕಡೆ ಒಂದೇ. ಅವರ ಬಾಯಲ್ಲಿ ಪುನರ್ವಸು ಎಂದರೆ ‘ತರಣಾ’, ಹರೆಯದ ಮಳೆ. ಪುಷ್ಯ ಎಂದರೆ ‘ಮ್ಹಾತಾರಾ’, ಮುದುಕ ಮಳೆ. ಹಸ್ತಕ್ಕೆ ಆನೆಯ ಮಳೆ. ಅವರು ಬೆರಳು ಮಡಚುತ್ತ ಮರಾಠಿಯಲ್ಲಿ ಹೆಸರು ಹೇಳುವುದು, ಅವ್ವ ಕನ್ನಡದಲ್ಲಿ ಅದರ ಮುಂದಿನದನ್ನು ಹೇಳುವುದು. ಗುಡ್ಡದ ಕಲ್ಲುಬೆಂಚಿನ ಮೇಲೆ ಕೂತು ಇಬ್ಬರೂ ರೋಹಿಣಿಯಿಂದ ಸ್ವಾತಿಯ ತನಕ ಹೋಗಿ ಮುಟ್ಟಿದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಅಂದು ಮನೆಗೆ ಬಂದವಳೇ ಅವ್ವ ಕ್ಯಾಲೆಂಡರನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿದಳು. ಅಲ್ಲಿಯ ತನಕ ಅದು ಟ್ರಂಕಿನಲ್ಲೇ ಇತ್ತು.

ಪುಣೆ ಮಳೆಯ ಶಾಸ್ತ್ರದ ಊರು ಎನ್ನುವುದನ್ನೂ ಇಲ್ಲಿ ನೆನೆಯಬೇಕು. ಭಾರತದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂತು. ಮುಂದೆ ಅದು ದೆಹಲಿಗೆ ಹೋದರೂ ಶಿವಾಜಿನಗರದ ಆ ಕಟ್ಟಡಕ್ಕೆ ಜನ ಇವತ್ತಿಗೂ ಸಿಮ್ಲಾ ಆಫೀಸು ಎಂದೇ ಹೇಳುತ್ತಾರೆ. ಮಳೆಯ ಲೆಕ್ಕ ನೋಡಿದರೆ ಅವ್ವ ದೂರ ಬಂದಿರಲೇ ಇಲ್ಲ. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಮಹಾಬಳೇಶ್ವರಕ್ಕೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಬೆಟ್ಟಸಾಲಿನ ಈಚೆಯ ಮರೆಯಲ್ಲಿರುವ ಪುಣೆಗೆ ಏಳುನೂರರ ಆಸುಪಾಸು. ಕಲಬುರಗಿಗೂ ಹೆಚ್ಚೂಕಡಿಮೆ ಅಷ್ಟೇ. ಆದರೆ ಬೀಳುವ ರೀತಿ ಬೇರೆ. ಪುಣೆಯಲ್ಲಿ ಜುಲೈಯೇ ಮಳೆಯ ತಿಂಗಳು, ದಿನಗಟ್ಟಲೆ ಜಿಟಿಜಿಟಿ. ನಮ್ಮ ಕಡೆ ದೊಡ್ಡ ಮಳೆಗಳೆಲ್ಲ ಆಗಸ್ಟ್, ಸೆಪ್ಟೆಂಬರಿನಲ್ಲಿ, ಗುಡುಗು ಸಿಡಿಲಿನೊಂದಿಗೆ. ಪುಷ್ಯದ ಸಣ್ಣ ಹನಿಗಳಿಗೆ ಕೈಯೊಡ್ಡಿ ಅವ್ವ, “ಮಳಿ ಜರಡಿ ಹಿಡ್ಯಾಕತ್ಯಾರ,” ಎಂದಿದ್ದಳು.

ತಳಜಾಯಿ ಬಹಳ ಎತ್ತರದ ಗುಡ್ಡವಲ್ಲ. ಹಿಂದಕ್ಕೆ ಪರ್ವತಿ, ದಕ್ಷಿಣಕ್ಕೆ ಕಾತ್ರಜದ ಘಾಟು, ಬಾನು ತಿಳಿಯಿದ್ದ ದಿನ ನೈಋತ್ಯಕ್ಕೆ ಸಿಂಹಗಡ. ಸುತ್ತ ನಾಲ್ಕೂ ಕಡೆ ನಗರ ಏರಿಬಂದು, ನಡುವೆ ಈ ಮೀಸಲು ಅರಣ್ಯವೊಂದು ಉಳಿದುಕೊಂಡಿದೆ. ನವಿಲುಗಳಿವೆ. ಗುಡ್ಡದ ಬಹುಭಾಗವನ್ನು ಆವರಿಸಿರುವುದು ಗ್ಲಿರಿಸಿಡಿಯಾ. ನಮ್ಮ ಕಡೆ ಬದುವಿಗೆ ಹಚ್ಚುವ ಗೊಬ್ಬರದ ಗಿಡ. ಬೋಳುಗುಡ್ಡವನ್ನು ಬೇಗ ಹಸಿರು ಮಾಡಬೇಕೆಂದು ಹಚ್ಚಿದ್ದು, ಹಸಿರಾಯಿತು ನಿಜ. ಫೆಬ್ರುವರಿ ಮುಗಿಯುವಾಗ ಎಲೆಯೆಲ್ಲ ಉದುರಿ ಗುಡ್ಡಕ್ಕೆ ಗುಡ್ಡವೇ ತಿಳಿಗುಲಾಬಿಯಾಗುತ್ತದೆ, ಜನ ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ಆದರೆ ಅದರ ನೆರಳಲ್ಲಿ ಊರ ಹುಲ್ಲು, ಊರ ಪೊದೆ ಬೆಳೆಯುವುದು ಕಷ್ಟ ಎನ್ನುವ ಸಸ್ಯತಜ್ಞರ ಮಾತು ನನಗೆ ಒಪ್ಪಿಗೆ. ನಾನೇ ನೋಡಿದ್ದೇನೆ. ಮಿರಗದ ಹುಳ ಕಾಣುವುದು ಗ್ಲಿರಿಸಿಡಿಯಾ ಇಲ್ಲದ ಬಯಲು ತುಣುಕುಗಳಲ್ಲಿ, ಮುಳ್ಳುಕಂಟಿಯ ಬುಡದಲ್ಲಿ. ಮುತ್ತುಗ, ಬೂರುಗ ಹೂಬಿಡುವುದು, ಏಪ್ರಿಲ್ ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲು, ಇವೆಲ್ಲ ಅಲ್ಲಲ್ಲಿ ಒಂದೊಂದು ಮರ. ಎಲ್ಲಿವೆ ಎಂದು ಗೊತ್ತಿದ್ದರೆ ಮಾತ್ರ ಸಿಗುತ್ತವೆ. ಎರಡು ವರ್ಷದಲ್ಲಿ ಅವ್ವನಿಗೆ ಗೊತ್ತಾಗಿತ್ತು. ಕಕ್ಕೆ ಬಿಟ್ಟಿದೆಯೇ ಎಂದು ನೋಡಲು ಬೆಳಿಗ್ಗೆ ಬೇಗ ಏಳುವವಳಾದಳು.

ಗುಡ್ಡ ನೆಮ್ಮದಿ ಕೊಡುತ್ತದೆ ಎಂದು ಹೇಳುವವರನ್ನು ನಾನು ನಂಬುತ್ತೇನೆ. ಆದರೆ ಅದು ಒಮ್ಮೆ ಬಂದು ಹೋಗುವವರಿಗೆ ಸಿಗುವ ನೆಮ್ಮದಿಯಲ್ಲ ಎಂದು ಅವ್ವನನ್ನು ನೋಡುತ್ತ ಅನ್ನಿಸಿತು. ಅವಳ ಎದೆಯ ಭಾರ ಇಳಿದದ್ದು ಗುಡ್ಡ ಚೆಂದವಿದ್ದುದರಿಂದ ಅಲ್ಲ. ಚೆಂದ ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಇಲ್ಲೂ ನಾಳೆ ಏನು ಬರುತ್ತದೆಂದು ಹೇಳಬಲ್ಲೆ ಎನ್ನುವ ಧೈರ್ಯ ಬಂದಾಗ ಅವಳಿಗೆ ರಾತ್ರಿ ನಿದ್ದೆ ಹತ್ತತೊಡಗಿತು. ಸಾವು ಹೇಳದೆ ಬಂದಿತ್ತು. ಉತ್ತರಿ ಆದ ಮೇಲೆ ಹಸ್ತ ಬರುತ್ತದೆ ಎನ್ನುವುದನ್ನು ಮಾತ್ರ ಯಾರೂ ಅವಳಿಂದ ಕಸಿಯಲು ಆಗಲಿಲ್ಲ.

ಇನ್ನು ಹಳ್ಳದ ಮಾತು. ಧನಕವಡಿಯ ಒಂದು ಮಗ್ಗುಲಿಗೆ ಗುಡ್ಡವಿದ್ದರೆ ಇನ್ನೊಂದು ಮಗ್ಗುಲಿಗೆ ಆಂಬಿಲ್ ಓಢಾ ಹರಿಯುತ್ತದೆ. ಕಾತ್ರಜದ ಬೆಟ್ಟಗಳಲ್ಲಿ ಹುಟ್ಟಿ, ಕಾತ್ರಜದ ಕೆರೆಗಳನ್ನು ತುಂಬಿ, ಧನಕವಡಿ, ಪದ್ಮಾವತಿ, ಸಹಕಾರನಗರ, ದಾಂಡೇಕರ್ ಪುಲ್ ಮಾರ್ಗವಾಗಿ ಮುಠಾ ನದಿ ಸೇರುವ ಹಳ್ಳ. ಹೆಸರು ಕೇಳಿ ಅವ್ವ, “ಅಂಬಲಿ ಹಳ್ಳ ಅಂತಾರೇನು?” ಎಂದಳು. ಮರಾಠಿಯ ಆಂಬೀಲ್ ನಮ್ಮ ಅಂಬಲಿಯೇ ಹೌದು. ಹಳ್ಳಕ್ಕೆ ಆ ಹೆಸರು ಬಂದ ಬಗೆ ಏನೇ ಇರಲಿ, ನಮ್ಮ ಮನೆಯಲ್ಲಿ ಅಂದಿನಿಂದ ಅದು ಅಂಬಲಿ ಹಳ್ಳ.

ಈ ಹಳ್ಳದ ನೀರಿಗೆ ದೊಡ್ಡ ಚರಿತ್ರೆಯಿದೆ. ನಾನಾಸಾಹೇಬ ಪೇಶ್ವೆ ಹದಿನೆಂಟನೆಯ ಶತಮಾನದ ನಡುವಿನಲ್ಲಿ ಕಾತ್ರಜದಲ್ಲಿ ಕಟ್ಟೆ ಹಾಕಿಸಿ, ಅಲ್ಲಿಂದ ಶನಿವಾರವಾಡೆಯ ತನಕ ನೆಲದೊಳಗೆ ಕಲ್ಲುಗಾರೆಯ ಕಾಲುವೆ ಕಟ್ಟಿಸಿದ. ಮನುಷ್ಯ ಒಳಗಿಳಿದು ನಡೆಯಬಹುದಾದಷ್ಟು ಎತ್ತರದ ಸುರಂಗ. ಯಂತ್ರವಿಲ್ಲ, ರಾಟೆಯಿಲ್ಲ, ಇಳಿಜಾರನ್ನು ಅಳೆದು ಕಟ್ಟಿದ್ದರಿಂದ ನೀರು ತಾನಾಗಿ ಪೇಟೆಯ ಹೌದುಗಳಿಗೆ, ಅಂದರೆ ನೀರಿನ ತೊಟ್ಟಿಗಳಿಗೆ, ಇಳಿದು ಬರುತ್ತಿತ್ತು. ದಾರಿಯುದ್ದಕ್ಕೂ ಗಾಳಿ ಆಡಲು, ಹೂಳು ತೆಗೆಯಲು ಕಟ್ಟಿದ ಕಲ್ಲಿನ ಬಾಯಿಗಳಿಗೆ ‘ಉಚ್ಛ್ವಾಸ’ ಎಂದು ಹೆಸರು. ನೆಲದೊಳಗಿನ ನೀರೂ ಉಸಿರಾಡಬೇಕು ಎಂದು ತಿಳಿದಿದ್ದವರು ಇಟ್ಟ ಹೆಸರು ಅದು. ನನಗೆ ಈ ಒಂದು ಪದದ ಮೇಲೆ ವಿಪರೀತ ಪ್ರೀತಿ. ಅದೇ ಪೇಶ್ವೆಯ ಕಾಲದಲ್ಲಿ ಹಳ್ಳದ ಕೆಳಭಾಗವನ್ನು ಪೇಟೆಯಿಂದ ಆಚೆಗೆ ತಿರುಗಿಸಲಾಯಿತು. ಪರ್ವತಿಯ ಬುಡದಲ್ಲಿ ಒಂದು ಕೆರೆಯೂ ಆಯಿತು. ಇಂದು ಅಲ್ಲಿ ಸಾರಸಬಾಗ್ ಉದ್ಯಾನವಿದೆ.

ಕಾಗದದ ಮೇಲೆ ಈ ಹಳ್ಳದ ದಾರಿಯನ್ನು ಮುಂದುವರಿಸಿದವಳು ನನ್ನ ಮಗಳು, ಶಾಲೆಯ ಕೆಲಸಕ್ಕೆಂದು. ಆಂಬಿಲ್ ಓಢಾ ಮುಠೆಗೆ, ಮುಠೆ ಪುಣೆಯ ಸಂಗಮದಲ್ಲಿ ಮುಳೆಗೆ, ಎರಡೂ ಕೂಡಿ ದೌಂಡ್ ತಾಲ್ಲೂಕಿನಲ್ಲಿ ಭೀಮೆಗೆ. ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಉಜನಿ ಅಣೆಕಟ್ಟು ದಾಟಿ, ಪಂಢರಪುರದಲ್ಲಿ ಚಂದ್ರಭಾಗೆಯೆಂದು ಬಾಗಿ, ವಿಜಯಪುರ ಕಲಬುರಗಿ ಜಿಲ್ಲೆಗಳಿಗೆ ಬಂದು, 861 ಕಿಲೋಮೀಟರ್ ಹರಿದು ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಮಗಳು ನೀಲಿ ಪೆನ್ಸಿಲಿನ ಗೆರೆ ಎಳೆಯುತ್ತ ಹೋಗಿ ಅಫಜಲಪುರದ ಹತ್ತಿರ ನಿಲ್ಲಿಸಿ, “ಅಜ್ಜಿ, ಇದು ನಿನ್ನ ಊರು,” ಎಂದಳು. ಅವ್ವ ಕನ್ನಡಕ ಹಾಕಿಕೊಂಡು ಆ ಗೆರೆಯ ಮೇಲೆ ಬೆರಳಿಟ್ಟು ಹಿಂದಕ್ಕೆ ಎಳೆದುಕೊಂಡು ಬಂದಳು. ಊರಿನಿಂದ ಪಂಢರಪುರ, ಉಜನಿ, ದೌಂಡ್, ಪುಣೆ, ಹಳ್ಳ, ಧನಕವಡಿ. ಇಷ್ಟು ದಿನ ಪರದೇಶ ಎಂದುಕೊಂಡಿದ್ದ ಜಾಗ ತನ್ನ ನದಿಯ ಮೇಲುಗಡೆಯೇ ಇತ್ತು. “ಅಂದ್ರ ಇಲ್ಲಿ ನಾವು ಚೆಲ್ಲಿದ ನೀರು…” ಎಂದು ಶುರು ಮಾಡಿ ಮಾತು ಅಲ್ಲಿಗೇ ಬಿಟ್ಟಳು.

ಆಮೇಲೆ ಬಂದದ್ದು 2019ರ ಸೆಪ್ಟೆಂಬರ್ 25. ಉತ್ತರಿ ಮುಗಿಯಲು ಇನ್ನೆರಡು ದಿನ. ಆ ವರ್ಷ ಮುಂಗಾರು ಹಿಂದಿರುಗುವ ಲಕ್ಷಣವೇ ಇರಲಿಲ್ಲ. ದೇಶದಿಂದ ಅದು ಕಾಲ್ತೆಗೆಯಲು ಶುರುಮಾಡಿದ್ದೇ ಅಕ್ಟೋಬರ್ 9ಕ್ಕೆ, ದಾಖಲೆಯಲ್ಲೇ ಅತಿ ತಡ. ಅಂದು ರಾತ್ರಿ ದಕ್ಷಿಣ ಪುಣೆಯ ಮೇಲೆ, ಕಾತ್ರಜದ ಬೆಟ್ಟಗಳ ಮೇಲೆ ಕೆಲವೇ ತಾಸುಗಳಲ್ಲಿ ಮಳೆ ಕವುಚಿ ಬಿತ್ತು. ಅವ್ವ ಒಂಬತ್ತಕ್ಕೇ ಹೇಳಿದ್ದಳು, ಇದು ಇಲ್ಲಿಯ ಮಳೆಯಲ್ಲ, ನಮ್ಮ ಕಡೆಯ ಮಳೆ ಎಂದು. ಹತ್ತೂವರೆಗೆ ಕರೆಂಟು ಹೋಯಿತು. ಮೆಟ್ಟಿಲ ಮೇಲಿಂದ ಟಾರ್ಚು ಬಿಟ್ಟು ನೋಡಿದರೆ ಪಾರ್ಕಿಂಗಿನಲ್ಲಿ ಸ್ಕೂಟರುಗಳು ಒಂದಕ್ಕೊಂದು ಬಡಿಯುತ್ತ ತೇಲುತ್ತಿದ್ದವು. ನೀರಿನ ಸದ್ದಿಗಿಂತ ಆಳದಿಂದ ಬೇರೊಂದು ಸದ್ದು ಬರುತ್ತಿತ್ತು, ಕಲ್ಲು ಉರುಳುವ ಸದ್ದು. ಕೆಳಮನೆಯ ಇಬ್ಬರು ಮುದುಕರನ್ನು ಕುರ್ಚಿಯ ಸಮೇತ ಎತ್ತಿ ಮೇಲೆ ತಂದೆವು. ನಾವು ಉಳಿದೆವು. ಹಳ್ಳದ ಕೆಳಗಿನ ದಾರಿಯಲ್ಲಿ, ಅರಣ್ಯೇಶ್ವರ, ಸಹಕಾರನಗರದ ಬದಿಯಲ್ಲಿ ಗೋಡೆಗಳು ಕುಸಿದವು. ವಸತಿಗಳ ಒಳಗೆ ನೀರು ನುಗ್ಗಿತು. ಆ ಒಂದು ರಾತ್ರಿಯ ಮಳೆಗೆ ಪುಣೆ ಮತ್ತು ಸುತ್ತಲ ಊರುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಕಟ್ಟಿಹಾಕಿದ್ದ ದನಗಳು ಕಟ್ಟಿದಲ್ಲೇ ಹೋದವು.

ಮರುದಿನ ಬೆಳಿಗ್ಗೆ ಕಾಕಾ ಬಂದರು. ಗುಡ್ಡಕ್ಕೆ ಹೋಗುವ ಮಾತಿರಲಿಲ್ಲ. ಸೇತುವೆಯ ಬಳಿ ನಿಂತು ಅವರು ಕೈ ಚಾಚಿ ತೋರಿಸಿದರು: ತಾವು ಹುಡುಗರಿದ್ದಾಗ ಹಳ್ಳದ ಅಗಲ ಅಲ್ಲಿಂದ ಇಲ್ಲಿಯವರೆಗೆ ಇತ್ತು. ಅವರ ಕೈ ತೋರಿಸಿದ ಎರಡು ತುದಿಗಳ ನಡುವೆ ಕಾಂಪೌಂಡುಗಳು, ರಸ್ತೆ, ಅಂಗಡಿ ಸಾಲು, ಉಳಿದದ್ದರಲ್ಲಿ ಹಳ್ಳ. ಯಾರೊಬ್ಬರ ಮೇಲೂ ಬೆರಳು ಮಾಡಿ ನಾನು ಇದನ್ನು ಬರೆಯುತ್ತಿಲ್ಲ. ನಾವಿರುವ ಕಟ್ಟಡ ಬಂದದ್ದೂ ಇದೇ ಕಾಲದಲ್ಲಿ. ಮನೆ ಕೊಳ್ಳುವಾಗ ನಾನು ನೀರಿನ ಕನೆಕ್ಷನ್, ಲಿಫ್ಟು, ಸಾಲದ ಬಡ್ಡಿ ಎಲ್ಲ ಕೇಳಿದ್ದೆ. ಮಳೆಗಾಲದಲ್ಲಿ ಹಳ್ಳ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿರಲಿಲ್ಲ. ನಮ್ಮೂರಿನಲ್ಲಿ ಹೆಣ್ಣು ಕೊಡುವಾಗಲೂ ಕೇಳುವ ಪ್ರಶ್ನೆ ಅದು, ಹೊಳೆ ನಿಮ್ಮ ಮನೆಯಿಂದ ಎಷ್ಟು ದೂರ ಎಂದು.

27ಕ್ಕೆ ಹಸ್ತ ಕೂಡಿತು. 29ಕ್ಕೆ ಘಟಸ್ಥಾಪನೆ. ಪಾರ್ಕಿಂಗಿನ ಕೆಸರನ್ನು ಎಲ್ಲರೂ ಸೇರಿ ಮೂರು ದಿನ ಬಾಚಿದ್ದೆವು, ಗೋಡೆಗೆ ನೀರು ನಿಂತ ಗೆರೆ ಹಾಗೇ ಇತ್ತು. ಆ ಸಂಜೆ ಕಟ್ಟಡದ ಹೆಣ್ಣುಮಕ್ಕಳು ಅದೇ ನೆಲದ ಮೇಲೆ ರಂಗೋಲಿಯಲ್ಲಿ ಆನೆ ಬರೆದರು. ಇಲ್ಲಿ ಇದಕ್ಕೆ ಭೋಂಡಲಾ, ಹಾದಗಾ ಎನ್ನುತ್ತಾರೆ. ಹಸ್ತ ಎಂದರೆ ಮರಾಠಿಯಲ್ಲಿ ‘ಹತ್ತಿ’, ಆನೆ. ನಡುವೆ ಆನೆಯನ್ನಿಟ್ಟು ಸುತ್ತ ಕೈಹಿಡಿದು ಹಾಡುತ್ತ ತಿರುಗುತ್ತಾರೆ, ಕೊನೆಗೆ ಮುಚ್ಚಿಟ್ಟ ತಿಂಡಿ ಏನೆಂದು ಊಹಿಸುವ ಆಟ. ನಾನು ಈ ವರ್ಷ ಬೇಡ ಎನ್ನುವವರ ಪೈಕಿ ಇದ್ದೆ. ಅವ್ವ ಸೀರೆ ಬದಲಿಸಿಕೊಂಡು ಕೆಳಗಿಳಿದು ಹೋಗಿ ಹುಡುಗಿಯರ ಸಾಲಿನಲ್ಲಿ ನಿಂತಳು. ಹಾಡು ಬರುವುದಿಲ್ಲ, ಹೆಜ್ಜೆ ಗೊತ್ತಿಲ್ಲ. ಸುಣ್ಣದ ಆನೆಯ ಸೊಂಡಿಲು ಯಾರದೋ ಕಾಲಿಗೆ ಅಳಿಸಿದಾಗ ತಾನೇ ಬಗ್ಗಿ ತಿದ್ದಿದಳು. ಮೇಲೆ ಬಂದ ಮೇಲೆ ಕೇಳಿದೆ, ನಿನಗೆ ಬೇಜಾರಾಗಲಿಲ್ಲವೇ ಎಂದು. “ಮಳಿ ಬಂದು ಹೊಡೀತು. ಈಗ ಹಸ್ತ ಬಂದಾದ. ಅದನ್ನ ಕರಕೋಬೇಕಲ್ಲ?” ಎಂದಳು. ಹೊಳೆ ದಂಡೆಯಲ್ಲಿ ಅರವತ್ತೈದು ವರ್ಷ ಬಾಳಿದವಳ ಮಾತು. ಅವಳಿಗೆ ಸಿಟ್ಟಿರಲಿಲ್ಲ ಎಂದಲ್ಲ. ಆ ವಾರವೆಲ್ಲ ಸತ್ತವರ ಸುದ್ದಿ ಓದಿಸಿ ಕೇಳಿ ಅತ್ತಿದ್ದಳು. ಆದರೆ ಒಂದು ಮಳೆಯ ಲೆಕ್ಕವನ್ನು ಮುಂದಿನ ಮಳೆಯ ತಲೆಗೆ ಕಟ್ಟುವವಳಲ್ಲ.

ಮರುವರ್ಷ ಅದೇ ಲೆಕ್ಕ ನಮ್ಮೂರಿಗೇ ಬಂತು. 2020ರ ಅಕ್ಟೋಬರ್ ನಡುವಿನಲ್ಲಿ, ಚಿತ್ತಿ ಮಳೆಯ ಹೊತ್ತಿಗೆ, ಬಂಗಾಳ ಕೊಲ್ಲಿಯಿಂದ ಎದ್ದ ವಾಯುಭಾರ ಕುಸಿತ ಆಂಧ್ರದ ಕರಾವಳಿ ಹತ್ತಿ ತೆಲಂಗಾಣ, ಕಲಬುರಗಿ, ಸೊಲ್ಲಾಪುರದ ಮೇಲಾಸಿ 14ರಂದು ಪುಣೆಯ ತನಕ ಸುರಿಯಿತು. ಇಲ್ಲಿ ನಾವು ಹಳ್ಳ ನೋಡುತ್ತ ರಾತ್ರಿ ಕಳೆದೆವು. ಅಲ್ಲಿ ಉಜನಿಯಿಂದ ಬಿಟ್ಟ ನೀರೂ ಸುತ್ತಲ ಮಳೆಯ ನೀರೂ ಕೂಡಿ ಭೀಮೆ ಲಕ್ಷಗಟ್ಟಲೆ ಕ್ಯುಸೆಕ್ಕಿನಲ್ಲಿ ಏರಿತು. ಅಫಜಲಪುರ, ಜೇವರ್ಗಿ, ಇಂಡಿ, ಸಿಂದಗಿ ತಾಲ್ಲೂಕುಗಳ ಊರೂರೇ ಗುಡಿ, ಶಾಲೆಗಳಿಗೆ ಗುಳೆ ಎದ್ದವು. ತೊಗರಿ ಹೂವಿಗೆ ಬಂದಿತ್ತು. ನಮ್ಮ ಹೊಲದ ಮೇಲೆ ನೀರು ನಾಲ್ಕು ದಿನ ನಿಂತಿತು. ಫೋನು ಹತ್ತಿದಾಗಲೆಲ್ಲ ಅವ್ವ ಕೇಳುತ್ತಿದ್ದುದು ಹನುಮಂತ ದೇವರ ಕಟ್ಟೆಯ ಯಾವ ಮೆಟ್ಟಿಲಿಗೆ ನೀರು ಬಂದಿದೆ ಎಂದು. ಊರಿನಲ್ಲಿ ಹೊಳೆಯನ್ನು ಅಳೆಯುವುದು ಆ ಮೆಟ್ಟಿಲುಗಳಿಂದ.

ಇದರ ನಡುವೆಯೇ ಚಳಿಗಾಲವೂ ಬರುತ್ತದೆ. ಪುಣೆಯ ಚಳಿ ಒಣ ಚಳಿ, ಬೆಳಿಗ್ಗೆ ಗುಡ್ಡದ ಮೇಲೆ ಬಾಯಿಂದ ಹೊಗೆ. ಡಿಸೆಂಬರಿನಲ್ಲಿ ಈ ಊರು ಸವಾಯಿ ಗಂಧರ್ವ ಉತ್ಸವಕ್ಕೆ ಶಾಲು ಹೊದ್ದು ಹೊರಡುತ್ತದೆ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಕಟ್ಟಿದ ಉತ್ಸವ ಅದು. ಪುಣೆಯ ಚಳಿಗೆ ಒಂದು ಗುರುತು ಕೊಟ್ಟದ್ದು ಧಾರವಾಡ ಸೀಮೆಯ ಕಂಠ ಎನ್ನುವುದು ನನಗೆ ಹೆಮ್ಮೆಯ ವಿಷಯ. ನಮ್ಮ ಮನೆಯ ಚಳಿಗಾಲಕ್ಕೆ ಮಾತ್ರ ಎಳ್ಳ ಅಮವಾಸ್ಯೆಯೇ ಗುರುತು.

ಊರಿನಲ್ಲಾದರೆ ಅಂದು ಇಡೀ ಊರೇ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಬೆಳೆದು ನಿಂತ ಜೋಳ, ಕಡಲೆಗೆ ಉಣಿಸಿ, ಅಂದರೆ ಚರಗ ಚೆಲ್ಲಿ, ಆಮೇಲೆ ಊಟ. ಇಲ್ಲಿ ಹೊಲವಿಲ್ಲ. ಮೊದಲ ವರ್ಷ ಅವ್ವ ಹಬ್ಬವನ್ನೇ ಕೈಬಿಟ್ಟಿದ್ದಳು. ಎರಡನೆಯ ವರ್ಷ ಮಾರ್ಕೆಟ್ ಯಾರ್ಡಿಗೆ ನನ್ನನ್ನು ಕಳಿಸಿ ಮೆಂತ್ಯ, ಹಸಿ ತೊಗರಿ, ಹಸಿ ಕಡಲೆ, ಗಜ್ಜರಿ, ಹುಣಸೆ ಎಲ್ಲ ತರಿಸಿ ಭಜ್ಜಿ ಕುದಿಸಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಶೇಂಗಾ ಹೋಳಿಗೆ ಬುತ್ತಿ ಕಟ್ಟಿ ಗುಡ್ಡದ ಅಂಚಿಗೆ ನಡೆದಳು. ಕಾಕಾ ಮನೆಯವರೂ ಬಂದರು. ಹುಲ್ಲು ಒಣಗಿ ಹಳದಿಯಾಗಿತ್ತು. ಬೆಳೆಯಿಲ್ಲದ ಜಾಗದಲ್ಲಿ ಯಾರಿಗೆ ಚರಗ ಚೆಲ್ಲುತ್ತೀ ಎಂದು ಮಗಳು ಕೇಳಿದಳು. ಅವ್ವ ಸುತ್ತ ನೋಡಿ, ಹುಲ್ಲೂ ಬೆಳೆದಾದಲ್ಲ ಎಂದು ಒಂದು ಮುಷ್ಟಿ ಹುಲ್ಲಿಗೆ ಎರಚಿದಳು. ಒಂದು ಮುಷ್ಟಿ ಗೊಬ್ಬರದ ಗಿಡಕ್ಕೆ. ನವಿಲೊಂದು ದೂರ ನಿಂತು ನೋಡುತ್ತಿತ್ತು, ಅದರ ಕಡೆಗೂ.

ಕೊನೆಯ ಮುಷ್ಟಿಯನ್ನು ಸೆರಗಿನಲ್ಲೇ ಕಟ್ಟಿಕೊಂಡಳು. ಇಳಿದು ಬರುವಾಗ ಸೇತುವೆಯ ಮೇಲೆ ನಿಂತಳು. ಕೆಳಗೆ ಅಂಬಲಿ ಹಳ್ಳ, ಡಿಸೆಂಬರಿನಲ್ಲಿ ಹಳ್ಳವೆನ್ನುವುದೂ ಕಷ್ಟ. ಮನೆಗಳ ಗಲೀಜು ನೀರು, ಪ್ಲಾಸ್ಟಿಕ್ಕು, ಮೂಗು ಮುಚ್ಚಿಕೊಳ್ಳುವ ವಾಸನೆ. ಜನ ಅಲ್ಲಿ ನಿಲ್ಲುವುದಿಲ್ಲ. ಅವ್ವ ಗಂಟು ಬಿಚ್ಚಿ ಕಡುಬಿನ ಚೂರು, ರೊಟ್ಟಿಯ ಚೂರನ್ನು ಎರಡೂ ಕೈಯಿಂದ ನೀರಿಗೆ ಬಿಟ್ಟಳು.

“ಊರಿಗಿ ಮುಟ್ಟಲಿ,” ಎಂದಳು.

ಮಗಳು ನಕ್ಷೆಯ ಹುಡುಗಿ, ಬಿಡುವವಳಲ್ಲ. “ನಡುವೆ ಉಜನಿ ಡ್ಯಾಮ್ ಇದೆ ಅಜ್ಜಿ.”

“ಇರಲಿ. ಅಲ್ಲಿ ಮೀನ ಉಣತಾವ.”

ಆ ನೀರಿನ ಸ್ಥಿತಿ ನೋಡಿ ನನಗೆ ನಾಚಿಕೆಯಾಯಿತು. ನಮ್ಮ ಮನೆಯ ಬಚ್ಚಲ ನೀರೂ ಅದರಲ್ಲಿತ್ತು. ಅವ್ವ ಬಾಲ್ಯದಲ್ಲಿ ಕೊಡ ಅದ್ದಿ ಕುಡಿಯುತ್ತಿದ್ದ ಹೊಳೆಯ ಮೇಲುದಾರಿ ಇದು. ಅಂದಿನಿಂದ ನಮ್ಮ ಮನೆಯಲ್ಲಿ ಸಿಂಕಿಗೆ ಎಣ್ಣೆ ಸುರಿಯುವುದಿಲ್ಲ, ಹಳ್ಳದ ಬದಿಗೆ ಕಸ ಎಸೆಯುವವರನ್ನು ನಾನು ಕೂಗಿ ಕರೆಯುತ್ತೇನೆ. ಇಷ್ಟರಿಂದ ಏನಾಗುತ್ತದೆ ಎಂದು ಕೇಳುವವರಿಗೆ ನನ್ನಲ್ಲಿರುವ ಉತ್ತರ, ಕೆಳಗೆ ನಮ್ಮವರಿದ್ದಾರೆ ಎನ್ನುವುದೊಂದೇ.

ಬೇಸಿಗೆಯಲ್ಲಿ ಎರಡೂ ಕಡೆ ಹೊಳೆ ಬತ್ತುತ್ತದೆ. ಭೀಮೆ ಮರಳಾಗಿ, ಉಜನಿಯಿಂದ ನೀರು ಬಿಡಿಸಿ ಎಂದು ನಮ್ಮ ಕಡೆಯವರು ಕೂಗು ಹಾಕುವ ದಿನಗಳು. ಆಗಲೇ ಕಾತ್ರಜದ ಕಡೆಯ ಮಜೂರ ಅಡ್ಡಾದಲ್ಲಿ ಬೆಳಿಗ್ಗೆ ಕನ್ನಡ ಹೆಚ್ಚು ಕೇಳುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರು, ಬುತ್ತಿ, ಥಾಪಿ, ಕಂಕುಳಲ್ಲಿ ಕೂಸು. ಅವ್ವ ಗುಡ್ಡ ಇಳಿದು ಅಲ್ಲಿಯ ತನಕ ನಡೆದು ಹೋಗುತ್ತಾಳೆ, ಯಾವ ಊರು, ಯಾರ ಮನೆ ಎಂದು ವಿಚಾರಿಸಲು. ಕಕ್ಕೆಯ ಹಳದಿ ಉದುರಿ, ಗುಲ್‌ಮೊಹರ್ ಕೆಂಪಾಗುವ ಹೊತ್ತಿಗೆ ಅವರಲ್ಲಿ ಒಂದೊಂದೇ ಕುಟುಂಬ ಕಾಣೆಯಾಗತೊಡಗುತ್ತದೆ. ಬಿತ್ತನೆಗೆ ಊರಿಗೆ ಹೊರಟವರು. ಈ ಸಲ ಅಫಜಲಪುರ ಕಡೆಯ ಹುಡುಗನೊಬ್ಬನಿಗೆ ಅವ್ವ ನಮ್ಮ ಫೋನ್ ನಂಬರು ಬರೆದುಕೊಟ್ಟು, “ಮಿರಗ ಹಿಡೀತಂದ್ರ ಒಂದು ಫೋನ್ ಮಾಡಪಾ,” ಎಂದಿದ್ದಳು. ಮಾಡುತ್ತಾನೆಂದು ನಾನು ಎಣಿಸಿರಲಿಲ್ಲ.

ಜೂನ್ ಎರಡನೆಯ ವಾರ. ಧನಕವಡಿಯಲ್ಲಿ ಇನ್ನೂ ಸುಡುವ ಬಿಸಿಲು, ಗಾಳಿ ಮಾತ್ರ ನೈಋತ್ಯಕ್ಕೆ ತಿರುಗಿತ್ತು. ಮಧ್ಯಾಹ್ನ ಮೂರಕ್ಕೆ ಫೋನು ಬಂತು. ಅವ್ವ ಸ್ಪೀಕರ್ ಹಾಕಿಸಿಕೊಂಡಳು. ಆ ಕಡೆ ಹುಡುಗ ಏನೋ ಕೂಗುತ್ತಿದ್ದ, ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಅರ್ಧ ಮಾತೂ ಕೇಳಿಸಲಿಲ್ಲ. ಅವ್ವ ಮಾತು ಕೇಳುವ ಪ್ರಯತ್ನವನ್ನೂ ಮಾಡಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ತಗಡಿನ ಸದ್ದನ್ನೇ ಕೇಳುತ್ತ ನಿಂತಳು. ಕರೆ ಕಡಿದ ಮೇಲೆ ಬಾಲ್ಕನಿಗೆ ಹೋಗಿ ಆಕಾಶ ನೋಡಿದಳು. ಒಂದು ಮೋಡವಿರಲಿಲ್ಲ. ಆದರೂ ಬಿಸಿಲಿಗೆ ಹಾಕಿದ್ದ ಸಂಡಿಗೆಯ ಹಾಸನ್ನು ನಾಲ್ಕೂ ಮೂಲೆ ಕೂಡಿಸಿ ಎತ್ತಿಕೊಂಡು ಒಳಗೆ ತಂದಳು.